ಹೊಲದ ಕಡೆ ಮುಖ ಮಾಡಿದ ಅಂಗಡಿ

ಹನೂರು
ಸೋಮವಾರ, 14-2-1972

ಪ್ರೀತಿಯ ಕೂಸು ಪುಟ್ಟಗೌರಿಗೆ,

ಹೇಗಿದ್ದೀಯವ್ವಾ? ಏಳು ತಿಂಗಳು ತುಂಬಿತು ಎಂದು ಬರೆದೆ, ಸಂತೋಷ. ಆದರೆ ಕಾಲು ಊದುತ್ತಿದೆಯೋ, ಉಂಡದ್ದು ಸೇರುತ್ತಿದೆಯೋ, ಅದೊಂದನ್ನೂ ಬರೆಯಲಿಲ್ಲ. ನಿಮ್ಮ ಹೊನ್ನೂರು ಗದ್ದೆಯ ಸೀಮೆ. ಎರಡು ಹೊತ್ತೂ ಅನ್ನವನ್ನೇ ಉಂಡು ಕೂರಬೇಡ, ಒಂದು ಹೊತ್ತಾದರೂ ಮುದ್ದೆ ನುಂಗಬೇಕಂತೆ. ಇದು ನನ್ನ ಮನೆಯಾಕೆ ದೊಡ್ಡಬಸಮ್ಮನ ಅಪ್ಪಣೆ. ನಮ್ಮ ಅಳಿಯಂದಿರು ಕ್ಷೇಮವೇ? ಕಬ್ಬು ಕಡಿದಾಯಿತೇ? ನನ್ನ ಆರೋಗ್ಯದ ವಿಚಾರ ಕೇಳುವುದೇ ಬೇಡ. ಐವತ್ತೆರಡಾದರೂ ಒಂದು ಹಲ್ಲು ಅಲ್ಲಾಡಿಲ್ಲ. ಮೊನ್ನೆ ಅಂಗಡಿಯಲ್ಲಿ ಎಲ್ಲರೂ ನೋಡುತ್ತಿರುವಾಗಲೇ ಕೊಬ್ಬರಿ ಗಿಟುಕನ್ನು ಹಲ್ಲಿನಲ್ಲೇ ಒಡೆದು ಕೊಟ್ಟೆ. ಕೊಂಡವನು ಬೇರೆ ಗಿಟುಕು ಕೊಡಿ ಎಂದ, ಅದು ಬೇರೆ ಮಾತು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ನೀನು ಕೇಳಿದ್ದಕ್ಕೆ ನಮ್ಮ ಬೀಗಿತ್ತಿ ಸೋಮಮ್ಮನವರು, "ಕಳುಸ್ಬೇಕು ದಿಟ, ಆದ್ರೆ ನಿಂಗೆ ತವರು ಎಲ್ಲದೆ? ಸತ್ತೋದ ನಿಮ್ಮವ್ವನೇ ತಮ್ಮನ್ ಅಂಗ್ಡಿ ಮೂಲೇಲಿ ಉಂಡ್ಕಂಡಿದ್ದೋಳು. ಆ ಮೂಲೆಗೆ ಕಳುಸ್ಲಾ ನನ್ ಸೊಸೇಯ?" ಎಂದರಂತೆ. "ಮಾವ, ನಮ್ಮವ್ವ ನಿಜವಾಗಿಯೂ ನಿಮ್ಮ ಹಂಗಿನಲ್ಲಿದ್ದಳೇ? ಆ ಕಟ್ಟಡ ಯಾರದು? ಒಂದೇ ಸಾಲು ಬರೆಯಿರಿ, ಸಾಕು" ಎಂದು ನೀನು ಕೇಳಿದ್ದೀಯ. ಒಂದು ಸಾಲಿನಲ್ಲಿ ಹೇಳಲು ಅದೇನು ಕೋಳಿಗೂಡೇ, ಕೂಸೇ? ಅದಕ್ಕೊಂದು ಚರಿತ್ರೆಯಿದೆ. ನಾಲ್ಕನೇ ಕ್ಲಾಸಿನವರೆಗೆ ಓದಿ, ಚರಿತ್ರೆಯಲ್ಲಿ ಮೇಷ್ಟ್ರಿಂದ ಬೆನ್ನು ತಟ್ಟಿಸಿಕೊಂಡವನು ನಾನು. ಮೊದಲಿನಿಂದ ಹೇಳುತ್ತೇನೆ ಕೇಳು.

ಐವತ್ತಾರನೇ ಇಸವಿ. ಅಲ್ಲಿಯವರೆಗೆ ನಾವು ಮದ್ರಾಸಿನವರು, ಕೊಯಮತ್ತೂರು ಜಿಲ್ಲೆ. ನವೆಂಬರ್ ಒಂದನೇ ತಾರೀಕು ಬೆಳಿಗ್ಗೆ ಎದ್ದರೆ ಮೈಸೂರಿನವರಾಗಿದ್ದೆವು. ಇನ್ನು ಊರಿನಲ್ಲಿ ಎಲ್ಲ ಹೊಸದಾಗುತ್ತದೆ ಎಂದು ಜನರೆಲ್ಲ ನಂಬಿದ್ದ ಕಾಲ. ಅದೇ ತಿಂಗಳು ನಿಮ್ಮವ್ವ ಅಂಗಡಿ ಕಟ್ಟುವ ಮಾತೆತ್ತಿದಳು. ನಿಮ್ಮಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು, ನೀನು ಇನ್ನೂ ಐದು ವರ್ಷದ ಪುಟಾಣಿ. ಕಟ್ಟಡದ ಯಜಮಾನಿಕೆಯನ್ನು ನಾನೇ ಹೊತ್ತೆ. ಮುಂದೆ ಅಂಗಡಿ, ಹಿಂದೆ ಅಡಿಗೆಮನೆ, ಮೇಲೆ ನಾಡಹೆಂಚು. ಮುಂಬಾಗಿಲಿಗೆ ಗಿಳಿಗಳನ್ನು ಕೆತ್ತಿದ ತೇಗದ ಬಾಗಿಲು. ಅಂಥ ಬಾಗಿಲು ಕೊಳ್ಳೇಗಾಲದ ರೇಷ್ಮೆ ಸಾಹುಕಾರರ ಮನೆಗೂ ಇರಲಿಲ್ಲ.

ಮುಖ ಯಾವ ಕಡೆಗಿರಬೇಕು ಎಂಬ ಪ್ರಶ್ನೆ ಬಂತು. ಗಾರೆ ಕೆಲಸದ ಚಿಕ್ಕಸಿದ್ದಯ್ಯ, "ರಸ್ತೆ ಕಡ್ಗೇ ಇರ್ಲಿ ಬುಡಿ" ಎಂದ. ನಾನು ನಕ್ಕೆ. ಏಕೆಂದರೆ ಎಲ್ಲರಿಗಿಂತ ಮೊದಲು ನನ್ನ ಕಣ್ಣಿಗೊಂದು ವಿಷಯ ಬಿದ್ದಿತ್ತು. ನಮ್ಮ ನಿವೇಶನದ ಆಚೆ ಬದಿಯ ರಾಗಿ ಹೊಲದಲ್ಲಿ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು. ಹೊಸ ಸರ್ಕಾರ ಬಂದಿದೆ, ಮಾದಪ್ಪನ ಬೆಟ್ಟಕ್ಕೆ ಹೊಸ ರಸ್ತೆ ಎಳೆಯುತ್ತಾರೆ, ಈ ಕಲ್ಲುಗಳು ಅದರದೇ ಗುರುತು ಎಂದು ಲೆಕ್ಕ ಹಾಕಿದೆ. "ಅಳೇ ರಸ್ತೆ ಇನ್ನೊಂದು ವರ್ಸಕ್ಕೆ ದನ ಓಡಾಡೋ ದಾರಿ ಆಯ್ತದೆ, ನೋಡ್ತಿರ್ಲಾ ಸಿದ್ದ" ಎಂದು ಗಿಳಿ ಬಾಗಿಲನ್ನು ಹೊಲದ ಕಡೆಗೆ ನಿಲ್ಲಿಸಿದೆ. ಗೃಹಪ್ರವೇಶದ ದಿನ ಪಕ್ಕದ ಊರು ಶಾಗ್ಯದ ಇಬ್ಬರು ಅಣ್ಣತಮ್ಮಂದಿರು ಊಟಕ್ಕೆ ಬಂದು ಎಲೆಯ ಮುಂದೆ ಕೂತು ಹೇಳಿದರು: ಹೊಲ ಅವರದಂತೆ, ಪಾಲಾಯಿತಂತೆ, ಆ ಕಲ್ಲುಗಳು ಅವರವರ ಪಾಲಿನ ಗಡಿಯಂತೆ. ಮುಂದೆ ಜಗಳ ಬರದಿರಲೆಂದು ಸುಣ್ಣವನ್ನೂ ಬಳಿದಿದ್ದರಂತೆ. ನಾನು ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಸಕ್ಕರೆ ಕಡಿಮೆಯಾಗಿತ್ತು, ಅದೂ ಒಂದು ಕಾರಣ.

ಹೀಗೆ ನಮ್ಮ ಅಂಗಡಿ ಊರಿಗೆ ಬೆನ್ನು ತೋರಿಸಿ ರಾಗಿಯ ಕಡೆ ಮುಖ ಮಾಡಿ ಕೂತಿತು. ಎರಡು ತಿಂಗಳು ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗುಬ್ಬಿ ಓಡಿಸಿದೆ. ಗಿರಾಕಿ ಎಂದರೆ ಹೊಲ ಕಾಯುವವನೊಬ್ಬ, ಅವನೂ ಬೆಂಕಿಪೊಟ್ಟಣ ಕೇಳಿದ್ದು ಪುಕ್ಕಟೆಗೆ. ಅತ್ತ ರಸ್ತೆಯಲ್ಲಿ ಬೆಟ್ಟಕ್ಕೆ ಹೋಗುವ ಪರಸೆಯ ಜನ ದಿನವೂ ಹಾಯುತ್ತಿದ್ದರು, ಅವರಿಗೆ ಕಾಣುತ್ತಿದ್ದದ್ದು ಅಡಿಗೆಮನೆಯ ಗೋಡೆ ಮಾತ್ರ. ಒಂದು ಮಧ್ಯಾಹ್ನ ನಿಮ್ಮವ್ವ ಒರಳಿನಲ್ಲಿ ಕಾರ ಅರೆಯುತ್ತಿದ್ದಾಗ ಗೋಡೆಯ ಹೊಗೆಗಿಂಡಿಯಿಂದ ಯಾರೋ ಕೂಗಿದರಂತೆ: "ಅವ್ವಾ, ಒಂದ್ ಚೂರು ಕರ್ಪೂರ ಸಿಕ್ಕದಾ?" ನಿಮ್ಮವ್ವ ಎದ್ದು ಬಂದು ನನ್ನ ಕಡೆಯಿಂದ ಕರ್ಪೂರ ತೆಗೆದುಕೊಂಡು ಹೋಗಿ ಗಿಂಡಿಯಲ್ಲೇ ಕೊಟ್ಟಳು. ಹಿಂದೆಯೇ ಇನ್ನೊಬ್ಬರು ಕಡ್ಲೆಪುರಿ ಕೇಳಿದರು, ಮತ್ತೊಬ್ಬರು ವಿಭೂತಿ ಗಟ್ಟಿ. ಆರನೆಯ ಸಲ ಬಂದಾಗ ಅವಳ ಕೈಯಲ್ಲಿ ಹಾರೆಯಿತ್ತು. "ರಸ್ತೆ ನಮ್ ಕಡೆ ಬರ್ನಿಲ್ಲ ಕಣ್ಲಾ ಮಾದಣ್ಣ, ನಾವೇ ಅತ್ತಗೆ ತಿರಿಕ್ಕಂಡ್ರಾಯ್ತು" ಎಂದಳು. ಸಂಜೆಯೊಳಗೆ ಗಿಂಡಿ ಕಿಟಕಿಯಾಯಿತು, ತಿಂಗಳೊಳಗೆ ಕಿಟಕಿ ಬಾಗಿಲಾಯಿತು. ಒಲೆ ಹಿಂದಕ್ಕೆ ಬಂತು, ತಕ್ಕಡಿ ಮುಂದಕ್ಕೆ ಹೋಯಿತು. ಒರಳುಕಲ್ಲನ್ನು ಮಾತ್ರ ನಾಲ್ಕು ಜನ ಹಿಡಿದರೂ ಕೀಳಲಾಗಲಿಲ್ಲ, ಅಷ್ಟು ಗಟ್ಟಿಯಾಗಿ ಹೂಳಿಸಿದ್ದೆ ನಾನು. ಅದಕ್ಕೇ ಇಂದಿಗೂ ಅಂಗಡಿಯ ನಟ್ಟನಡುವೆ ಒರಳು, ಒರಳಿನೊಳಗೆ ಉಪ್ಪು. ಮೇಲೆ ನೋಡಿದರೆ ನಿಮ್ಮವ್ವನ ಒಲೆಯ ಮಸಿ ಇನ್ನೂ ತೊಲೆಯಲ್ಲಿದೆ. ಎಷ್ಟು ಸುಣ್ಣ ಹೊಡೆದರೂ ಮಳೆಗಾಲದಲ್ಲಿ ಮತ್ತೆ ಮೂಡುತ್ತದೆ.

ಆಮೇಲಿನದನ್ನು ನೀನೇ ಕಂಡಿದ್ದೀಯ. ಪಡಿ, ಸೇರು ಹೋಗಿ ಕಿಲೋ ಬಂತು. ಹೊಸ ತೂಕ ನಂಬದೆ ಮುದುಕಿಯರು ಮನೆಯಿಂದ ಪಾವು ತಂದು ನಮ್ಮೆದುರೇ ಅಳೆದು ನೋಡುತ್ತಿದ್ದರು. ಬಸ್ಸುಗಳು ನಮ್ಮ ಬಾಗಿಲಲ್ಲೇ ನಿಲ್ಲತೊಡಗಿದವು. ಲಾಟೀನಿನ ಗಾಜು, ಹಗ್ಗ, ಬಳೆ, ಸೀಮೆಎಣ್ಣೆ, ನಮ್ಮಲ್ಲಿ ಇಲ್ಲದ್ದು ಹನೂರಿನಲ್ಲೇ ಇಲ್ಲ ಎಂಬಂತಾಯಿತು. ಎರಡು ಕಡೆ ಬಾಗಿಲಿರುವ ಜನರಲ್ ಸ್ಟೋರು ಮೈಸೂರು ಸಂಸ್ಥಾನದಲ್ಲೇ ಇನ್ನೊಂದಿಲ್ಲ, ಇದನ್ನು ಯೋಚಿಸಿ ಕಟ್ಟಿದ ತಲೆ ಯಾವುದು ಎಂದು ಹೊರಗಿನವರು ಕೇಳಿದರೆ ನಾನು ಮೀಸೆಯ ಮೇಲೆ ಕೈಯಿಟ್ಟು ಸುಮ್ಮನೆ ನಗುತ್ತೇನೆ. ದೊಡ್ಡವರ ಲಕ್ಷಣ ಅದು.

ಇದು ಕಟ್ಟಡದ ಚರಿತ್ರೆ. ಬೀಗಿತ್ತಿಯವರಿಗೆ ನನ್ನ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ. ನಿನಗೂ ನಿನ್ನೊಳಗಿನ ಪುಟ್ಟ ಜೀವಕ್ಕೂ ಮಾದಪ್ಪನ ಕಾವಲಿರಲಿ. ಮಾವಿನಕಾಯಿ ಉಪ್ಪಿನಕಾಯಿ ಒಂದು ಜಾಡಿ ಎತ್ತಿಟ್ಟಿದ್ದೇನೆ.

ನಿನ್ನ ಸೋದರಮಾವ
ಮಾದಣ್ಣ

ತಾ. ಕ.: ಕಾಗದ ಅಂಟಿಸುವ ಮೊದಲು ದೊಡ್ಡಬಸಮ್ಮ ಓದಿಸಿ ಕೇಳಿದಳು. ಕೇಳಿ, "ಕೂಸು ಕೇಳಿರದೇನು, ನೀವು ಬರ್ದಿರದೇನು? ಮೂರ್ ಆಳೆ ಕಾಗ್ದದ ತುಂಬಾ ನಿಮ್ ಮೀಸೇನೇ ಅದೆ" ಎಂದು ಒಲೆಯ ಮುಂದೆ ಹೋಗಿ ಕೂತಿದ್ದಾಳೆ. ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿವೇಶನ ನಿಮ್ಮಪ್ಪನದು. ಗೋಡೆ, ಹೆಂಚು, ಗಿಳಿ ಬಾಗಿಲು ಎಲ್ಲ ನಿಮ್ಮವ್ವನ ಚಿನ್ನದ ಅಡ್ಡಿಕೆ ಸರ ಕರಗಿ ಆದದ್ದು. ಕಟ್ಟಡದ ಪತ್ರ ಅವಳ ಹೆಸರಿನಲ್ಲಿತ್ತು, ಈಗ ನಿನ್ನದು, ನನ್ನ ಟ್ರಂಕಿನಲ್ಲಿ ಭದ್ರವಾಗಿದೆ. ನಮ್ಮ ಹುಟ್ಟೂರು ಮುಳ್ಳೂರಿನಿಂದ ಆ ಟ್ರಂಕೊಂದನ್ನೇ ಹೊತ್ತು ಬಂದು ಅವಳ ಅನ್ನ ಉಂಡವನು ನಾನು. ಬೀಗಿತ್ತಿಯವರನ್ನು ದೂರಬೇಡ. ನಿನ್ನ ಮದುವೆಯ ಛತ್ರದಲ್ಲಿ, ಗಂಡ ಸತ್ತ ಅಕ್ಕನಿಗೆ ನನ್ನ ಅಂಗಡಿಯಲ್ಲಿ ನೆರಳು ಕೊಟ್ಟು ಸಾಕಿದೆ ಎಂದು ಅವರಿಗೆ ಹೇಳಿದವನು ನಾನೇ. ನಿಮ್ಮವ್ವ ಎಲೆಅಡಿಕೆಯ ತಟ್ಟೆ ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಕೇಳಿಸಿಕೊಂಡು ತಟ್ಟೆಯನ್ನು ಬೀಗಿತ್ತಿಯವರ ಮುಂದೆ ಚಾಚಿದಳು. ಮನೆಗೆ ಬಂದ ಮೇಲೆ, "ಚೆನ್ನಾಗ್ ಏಳ್ದೆ ಕಣ್ಲಾ, ನಂಗೇ ನಂಬ್ಕೆ ಬಂದ್ಬುಡ್ತು" ಎಂದು ನಕ್ಕಳು. ಆ ನಗು ನನಗೆ ಈಗ ಅರ್ಥವಾಗುತ್ತಿದೆ.

ಗುರುವಾರ ಮೊದಲ ಬಸ್ಸಿಗೆ ಹೊರಟು ಪತ್ರ ಹಿಡಿದು ಹೊನ್ನೂರಿಗೆ ಬರುತ್ತೇನೆ. ಬೀಗಿತ್ತಿಯವರ ಮುಂದೆ ಇದನ್ನೆಲ್ಲ ನನ್ನ ಬಾಯಿಂದಲೇ ಹೇಳಿ ನಿನ್ನನ್ನು ಕರೆದುತರುತ್ತೇನೆ, ಆಗ ನೀನು ನಗಬಾರದು. ಹಿಂದಿನ ಕೋಣೆ ಸಾರಿಸಿದೆ. ಹದಿನೈದು ವರ್ಷದಿಂದ ಗಿಳಿ ಬಾಗಿಲಿಗೆ ಅಡ್ಡವಾಗಿದ್ದ ಮೂಟೆಗಳನ್ನು ಇವತ್ತು ತೆಗೆಸಿ ಕೀಲಿಗೆ ಹರಳೆಣ್ಣೆ ಬಿಟ್ಟೆ, ತೆರೆಯಿತು. ರಾಗಿ ಕೊಯ್ದಾಗಿದೆ, ಗಾಡಿ ಹೊಲದೊಳಗಿಂದ ಹೊಸಿಲವರೆಗೂ ಬರುತ್ತದೆ. ಗಿರಾಕಿಗಳು ಹಳೆಯ ಅಡಿಗೆಮನೆಯ ಕಡೆಯಿಂದ ಬರಲಿ. ನೀನು ಬಾಗಿಲಿನಿಂದ ಬಾ.