ಎರೆಡೋ ದಿಬ್ಬದ ಕೆಂಪು ಮಣ್ಣು

ಇಜೆಬು-ಓಡೆ ಬಳಿಯ ನಮ್ಮೂರು,
9 ಮಾರ್ಚ್ 1991

ಮನೆಯವರಿಗೆ, ಮಂಡಿಯೂರಿ ನಮಸ್ಕಾರ.

ಇಂಥವನ ಅಪ್ಪ ಎಂದು ಕರೆಯೋಣವೆಂದರೆ ನಮಗೆ ಮಗುವಿಲ್ಲ. ಗಂಡನ ಹೆಸರು ಹಿಡಿಯುವುದು ನಮ್ಮಲ್ಲಿಲ್ಲ. ಹತ್ತೊಂಬತ್ತು ವರ್ಷ ‘ಇಲ್ಲಿ ಕೇಳಿ’ ಅಂತಲೇ ಕರೆದೆ. ಕಾಗದದಲ್ಲೂ ಅದೇ ಇರಲಿ. ಇಲ್ಲಿ ಕೇಳಿ.

ನಿಮ್ಮ ವಿಳಾಸ ಕೊಟ್ಟವನು ಮರದ ಲಾರಿ ಓಡಿಸುವ ಲಸೀಸಿ. ಲಾಗೋಸಿನ ಮಿಲ್ಲಿನಲ್ಲಿ ನಿಮ್ಮನ್ನು ಕಂಡನಂತೆ. “ತುಂಬಾ ಸೊರಗಿದಾರೆ ಅಕ್ಕಾ. ಊರಿನ ಸುದ್ದಿ ಎತ್ತಿದ್ರೆ ಎದ್ದು ಹೋಗ್ತಾರೆ” ಅಂದ. ಅವತ್ತಿನಿಂದ ಅನ್ನ ಸೇರುತ್ತಿಲ್ಲ.

ಮೂರು ವರ್ಷದ ಹಿಂದೆ ದಿಬ್ಬ ಅಗೆದವರಿಗೆ ಒಪ್ಪಿಗೆ ಕೊಟ್ಟವಳು ನಾನು. ಸುಂಗ್ಬೋ ರಾಣಿ ತೋಡಿಸಿದ ಎರೆಡೋ ಕಂದಕ, ಅದರ ದಂಡೆಯ ನಮ್ಮೂರ ಪಾಲಿನ ದಿಬ್ಬ. ನಿಮ್ಮ ಮನೆತನ ತಲೆತಲಾಂತರದಿಂದ ಕಾದುಕೊಂಡು ಬಂದದ್ದು. ನೀವು ತಂಗಿಯನ್ನು ನೋಡಲು ಎಪೆಗೆ ಹೋಗಿದ್ದಿರಿ. ಬೆಳಿಗ್ಗೆ ಗೆಣಸು ಸುಲಿಯುತ್ತ ಅತ್ತೆ ಅಂದರು: “ಸುಂಗ್ಬೋನೂ ಬಂಜೆನೇ. ಆದ್ರೆ ಅವಳು ನೂರು ಮೈಲಿ ಗೋಡೆ ಬಿಟ್ಟು ಹೋದ್ಲು. ನೀನೇನು ಬಿಟ್ಟು ಹೋಗ್ತೀಯೇ? ಮರಗೆಣಸಿನ ಗಾರಿ ಹುರಿಯೋ ಬಾಣಲೇನಾ?”

ಮಗು ಬೇಡಿ ಆ ರಾಣಿಯ ಸಮಾಧಿಗೆ ವರ್ಷವರ್ಷವೂ ನನ್ನನ್ನು ಕರೆದೊಯ್ದವರೂ ಅತ್ತೆಯೇ. ಅವತ್ತೇ ಮಧ್ಯಾಹ್ನ ರಸ್ತೆ ಹಾಕುವವರು ಕೆಂಪು ಮಣ್ಣು ಹುಡುಕಿಕೊಂಡು ಬಂದರು. “ಇದು ಯಾರ ಜಾಗ ಅಮ್ಮಾ?” ಅಂದರು. “ನಮ್ಮದೇ. ತಗೊಂಡು ಹೋಗಿ” ಅಂತ ದಿಬ್ಬದತ್ತ ಕೈ ತೋರಿಸಿದೆ. ಯಂತ್ರದ ಹಲ್ಲು ದಿಬ್ಬಕ್ಕೆ ಇಳಿಯುವುದನ್ನು ನಿಂತು ನೋಡಿದೆ. ಸುಳ್ಳೇಕೆ, ನೋಡಿ ಹಾಯೆನಿಸಿತ್ತು. ಸಂಜೆಯ ಹೊತ್ತಿಗೆ ಎರಡು ಲಾರಿ ಒಟ್ಟಿಗೆ ನುಗ್ಗುವಷ್ಟು ಬಾಯಿ ಬಿದ್ದಿತ್ತು.

ನೀವು ಮರಳಿದ ಮೇಲೆ, ಒಪ್ಪಿದ್ದು ಯಾರೆಂದು ಹಿರಿಯರು ಕೇಳಿದಾಗ ಎದ್ದು, “ತಂಗಿ ಊರಿಗೆ ಹೋಗೋ ಮುಂಚೆ ನಾನೇ ಹೂಂ ಅಂದಿದ್ದೆ” ಅಂದಿರಿ. ಹೆಂಗಸರ ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಿಮಗೆ ಗೊತ್ತಾಗಿದೆ ಎಂದು ಆಗ ತಿಳಿಯಿತು. ಮರುದಿನ ಹೊರಟುಬಿಟ್ಟಿರಿ. ಪಾಪ, ಎಂಥವನ ಕೈಹಿಡಿದಳು ಎಂದು ಜನ ಗೆಣಸು, ಮೀನು ತಂದುಕೊಟ್ಟರು. ನಾನು ತಿಂದೆ.

ಹೋದ ತಿಂಗಳು ದಿಬ್ಬದ ಕಾವಲನ್ನು ಬೇರೆ ಮನೆತನಕ್ಕೆ ಕೊಡಲು ಹಿರಿಯರು ಸೇರಿದರು. ನಾನು ನಡುವೆ ಹೋಗಿ ಮಂಡಿಯೂರಿ ನಡೆದದ್ದನ್ನೆಲ್ಲ ಹೇಳಿದೆ. ಮುದುಕ ಓಸಿಫೆಸೊ ನಕ್ಕುಬಿಟ್ಟ. “ಗಂಡನ್ನ ಕರೆಸ್ಕೊಳ್ಳೋಕೆ ಒಳ್ಳೇ ಕಥೆ ಕಟ್ಟಿದ್ದೀಯಮ್ಮ! ಇಂಥ ಹೆಂಡ್ತಿ ನಮಗ್ಯಾರಿಗೂ ಸಿಗ್ಲಿಲ್ವಲ್ಲಪ್ಪ!” ಎಲ್ಲರೂ ನಕ್ಕರು. ನೀವು ಹೋದ ದಿನವೂ ನಾನು ಅಷ್ಟು ಒಂಟಿಯಾಗಿರಲಿಲ್ಲ.

ಅಷ್ಟರಲ್ಲಿ ಕೋಲೂರಿಕೊಂಡು ಅತ್ತೆ ಎದ್ದರು. “ನಗಬೇಡಿ. ಅವಳು ಕೈ ತೋರಿಸಿದ್ದನ್ನ ಕಿಟಕೀಲಿ ನಿಂತು ನಾನು ನೋಡ್ದೆ. ಅದನ್ನ ಹೇಳಿದ್ರೆ ನಾನು ಆಡಿದ ಮಾತೂ ಹೇಳ್ಬೇಕಾಗಿತ್ತು. ಅದಕ್ಕೇ ಮಗನ್ನ ಕಳ್ಕೊಂಡು ಸುಮ್ನಿದ್ದೆ.”

ಮನೆಗೆ ಬಂದು ಊಟಕ್ಕೆ ಕೂತಾಗ ಅತ್ತೆ ತಮ್ಮ ಪಾಲಿನ ಮೀನನ್ನು ನನ್ನ ತಟ್ಟೆಗೆ ಹಾಕಿದರು.

ನಿಮ್ಮ ಮೇಲಿನ ಕಳಂಕ ತೊಳೆದುಹೋಯಿತು. ಕಾವಲು ನಿಮ್ಮ ಮನೆತನಕ್ಕೇ ಉಳಿಯಿತು. ದಂಡವಾಗಿ ನಾನೊಂದು ಮೇಕೆ ಕೊಟ್ಟೆ. ಒಂದು ವರ್ಷ ಪ್ರತಿ ಸಂತೆಯ ದಿನ ಆ ಬಾಯಿಗೆ ಮಣ್ಣು ಹೊತ್ತು ಹಾಕಬೇಕು. ನಾಲ್ಕು ಸಂತೆ ಕಳೆದವು. ಎಷ್ಟು ಬುಟ್ಟಿ ಸುರಿದರೂ ಕಣ್ಣಿಗೇ ಕಾಣುವುದಿಲ್ಲ. ರಾಣಿಗೆ ಸಾವಿರಾರು ಆಳುಗಳಿದ್ದರು, ಇಲ್ಲಿ ನಾನೊಬ್ಬಳೇ.

ನೀವು ಊರಿಗೆ ಬನ್ನಿ. ನನ್ನ ಮುಖ ನೋಡಬೇಕಲ್ಲ ಎಂಬ ಅಳುಕು ಬೇಡ. ಇಬಾದಾನಿನ ಅಣ್ಣ ಬಾ ಎಂದು ಕರೆದಿದ್ದಾನೆ, ಶನಿವಾರ ಹೊರಡುತ್ತೇನೆ. ಬೀಗದ ಕೈ ಅತ್ತೆಯ ಬಳಿ ಇರುತ್ತದೆ.

ನಿಮ್ಮ,
ಅಬೋಸೆಡೆ

ತಾ.ಕ.: ಅಣ್ಣ ಕರೆದಿಲ್ಲ. ಯಾರೂ ಕರೆದಿಲ್ಲ. ವರ್ಷವಿಡೀ ಮಣ್ಣು ಹೊರಬೇಕಾದವಳು ಎಲ್ಲಿಗೆ ಹೋದೇನು? ನನ್ನನ್ನು ನೋಡಲಾರಿರಾದರೆ ಸಂತೆಯ ದಿನವೇ ಬಂದು ಅಮ್ಮನನ್ನು ನೋಡಿಕೊಂಡು ಹೋಗಿ. ಆ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ. ನೋಡಬಹುದು ಅನಿಸಿದರೆ ನೇರ ದಿಬ್ಬಕ್ಕೇ ಬನ್ನಿ.