ಛತ್ರದಲ್ಲಿ ಮಲಗಿದ್ದ ಮುದುಕಿ

ಅಪ್ಪ,

ಟಿವಿಯ ಹಾಸ್ಯ ಧಾರಾವಾಹಿಯಲ್ಲಿ ಇವತ್ತು ನಮ್ಮ ಆಟ ತೋರಿಸಿದರು. ಮೇಜಿನ ಸುತ್ತ ಕೂತು ದಾಳ ಉರುಳಿಸಿ, ಕಥೆಯ ಪಾತ್ರಗಳಾಗಿ ಮಾತಾಡುವವರೆಲ್ಲ ಅವರ ಪಾಲಿಗೆ ಗಡ್ಡ ಅಂಟಿಸಿಕೊಂಡ, ಹೆಣ್ಣು ಸಿಗದ ಪೆದ್ದರು. “ನಿಮ್ಮಪ್ಪನಂಥ ಬಸ್ ಡ್ರೈವರ್ ಒಬ್ರೂ ಇಲ್ವಲ್ಲೇ!” ಎಂದು ನಮ್ಮ ಜೊತೆ ಆಡುವ ದರ್ಜಿ ಗೆಳತಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಡ್ಯೂಟಿ ಮುಗಿಸಿ ಬಂದು, ಯೂನಿಫಾರಂ ಬಿಚ್ಚದೆಯೇ ನೀವು ಆಟದಲ್ಲಿ ಮದ್ದು ಕೊಡುವ ಮುದುಕಿಯಾಗಿ ದನಿ ನಡುಗಿಸುತ್ತಿದ್ದಿರಿ. ನನ್ನ ಆಫೀಸಿನವರು ಮನೆಗೆ ಬಂದ ದಿನ ನಾನು ನಾಚಿಕೆಪಟ್ಟು, “ಅಪ್ಪ ಇಸ್ಪೀಟ್ ಆಡ್ತಿದಾರೆ” ಎಂದೆ. ನೀವು ದಾಳವನ್ನು ಜೇಬಿಗೆ ಹಾಕಿಕೊಂಡಿರಿ.

ನೀವು ತೀರಿಕೊಂಡ ಮೇಲೂ ಮುದುಕಿಯನ್ನು ನಾವು ಸಾಯಿಸಲಿಲ್ಲ. ಕಥೆಯ ಛತ್ರದಲ್ಲಿ ಮಲಗಿಸಿದ್ದೆವು. ಇವತ್ತು ಆಟ ಕಲಿಯಲು ಬಂದ ಅದೇ ಆಫೀಸಿನವರ ಎದುರು ಅವಳನ್ನು ಎಬ್ಬಿಸಿ, ಅವಳಾಗಿ ನಾನೇ ಆಡಿದೆ.

“ಯಾರ ಪಾತ್ರ ಇದು?” ಎಂದು ಕೇಳಿದರು.

“ನಮ್ಮಪ್ಪಂದು” ಎಂದೆ. ದನಿಯನ್ನು ನಾನು ನಡುಗಿಸಬೇಕಾಗಲಿಲ್ಲ.