ಅರ್ಧ ಕಳಚಿದ ಪೊರೆ

ಹೋಬಾರ್ಟ್, ಜುಲೈ ೧೪

ಪ್ರಿಯ ಅಲಸ್ಟರ್,

ಹನ್ನೊಂದು ವರ್ಷದ ಮೇಲೆ ನನ್ನ ಅಕ್ಷರ ಕಂಡು ಎದೆ ಹೊಡೆದುಕೊಂಡಿದ್ದರೆ ಕ್ಷಮಿಸು. ಯಾರೂ ಸತ್ತಿಲ್ಲ. ಹೊಸದಾಗಿ ಯಾರೂ ಸತ್ತಿಲ್ಲ.

ನನ್ನ ಮೊಣಕಾಲು ಹೋಗಿದೆ, ಕಣ್ಣಿದೆ. ನಮ್ಮ ಕಸುಬಿಗೆ ಅಷ್ಟು ಸಾಕು. ಸಮಪಾದಿ ಎಂದು ಗೌರವದಿಂದ ಕರೆಯುವ, ಅಕ್ಕಿಕಾಳಿನಷ್ಟಿರುವ ಕಡಲಹುಳದ ಏಳನೇ ಕಾಲಲ್ಲಿ ಕೂದಲೆಣಿಸಿ, ಮೂರಿದ್ದರೆ ಒಂದು ಪ್ರಭೇದ, ನಾಲ್ಕಿದ್ದರೆ ಇನ್ನೊಂದು ಎಂದು ತೀರ್ಪು ಕೊಡುವ ಘನ ನ್ಯಾಯಾಧೀಶರಲ್ಲವೇ ನಾವು. ನಮ್ಮ ಮದುವೆಯ ದಿನವೂ ಇದೇ ವಿಚಾರಣೆ ನಡೆದು, ನಿನ್ನಮ್ಮ, "ಹುಳದ ಕಾಲು ಆಮೇಲೆ ಎಣಿಸ್ಕೊಳ್ರೋ, ಮೊದ್ಲು ಬಂದು ಕೇಕ್ ಕತ್ತರಿಸಿ" ಎಂದು ಗದರಿದ್ದರು.

ವಿಷಯಕ್ಕೆ ಬರುತ್ತೇನೆ. ಮ್ಯೂಸಿಯಮ್ಮಿನಲ್ಲಿ ನನ್ನ ಕುರ್ಚಿಗೆ ಬಂದಿರುವ ಮೆರಿಯಾನಾ, ನಮ್ಮ ಮಗಳ ಹೆಸರಿನ ಹುಳವನ್ನು ಸೀಸೆಯಿಂದ ತೆಗೆದಳು. ಟ್ಯಾಮ್ಸಿನ್ ಹೋದ ಮೇಲೆ ನೀನು ಹೊಸ ಪ್ರಭೇದವೆಂದು ಸಾರಿ ಅವಳ ಹೆಸರಿಟ್ಟ ಅದೇ ಒಂಟಿ ಹುಳ. ಮುಂದರ್ಧ ನುಣುಪು, ಹಿಂದರ್ಧ ಗುಳ್ಳೆಗುಳ್ಳೆ. ಅಂಥ ಇನ್ನೊಂದು ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ.

"ನೆರಿಡಾ, ಬೇಜಾರು ಮಾಡ್ಕೋಬೇಡಿ. ಇದು ಪೊರೆ ಬಿಡ್ತಾ ಇರೋದು ಕಣ್ರೀ" ಎಂದಳು.

ಹಾವಿನ ಹಾಗೆ ಒಂದೇ ಸಲ ಪೊರೆ ಬಿಡುವ ಧೈರ್ಯ ನಮ್ಮ ಹುಳಗಳಿಗಿಲ್ಲ. ಮೊದಲು ಹಿಂದರ್ಧ, ಕೆಲವು ದಿನ ಬಿಟ್ಟು ಮುಂದರ್ಧ. ಇದನ್ನು ಆ ನಡುವಿನ ದಿನಗಳಲ್ಲೇ ಹಿಡಿದು ಮದ್ಯಸಾರಕ್ಕೆ ಹಾಕಲಾಗಿದೆ. ಹಿಂದರ್ಧದಲ್ಲಿ ಬೆಳೆದ ಗಂಡಿನ ಹೊಸ ಪೊರೆ, ಮುಂದರ್ಧದಲ್ಲಿ ಎಳೆಯದರ ಹಳೆಯದು. ಅದು ಬ್ರೂನಿ ದ್ವೀಪದ ಬಂಡೆ ಬಂಡೆಯಡಿಯಲ್ಲೂ ಸಿಗುವ ಮಾಮೂಲಿ ಹುಳ. ವಿದ್ಯಾರ್ಥಿಗಳಿಗೆ ನೀನೇ ನೂರು ಸಲ ಎಚ್ಚರಿಸಿದ ತಪ್ಪು, ಮಹಾಪಂಡಿತನೇ.

ಆ ಮಾಮೂಲಿ ಹುಳಕ್ಕೆ ಎಂದೋ ಹೆಸರಿಟ್ಟಾಗಿದೆ, ಮೊದಲು ಇಟ್ಟ ಹೆಸರೇ ಉಳಿಯಬೇಕೆಂಬುದು ನಿಯಮ. ಟ್ಯಾಮ್ಸಿನ್ ಹೆಸರು ಬೀಳಬೇಕು. "ಅಲಸ್ಟರ್ ಅವ್ರೇ ತಿದ್ದಿದ್ರೆ ಚೆಂದ. ಸೆಪ್ಟೆಂಬರ್‌ವರೆಗೂ ಕಾಯ್ತೀನಿ, ಆಮೇಲೆ ನಾನೇ ಬರೀಬೇಕಾಗತ್ತೆ" ಎಂದಳು ಮೆರಿಯಾನಾ. ಒಳ್ಳೆಯ ಹೆಂಗಸು. ಆದರೂ ನಮ್ಮ ಮಗಳ ಹೆಸರನ್ನು ಅವಳು ಇಳಿಸುವುದು ನನಗಿಷ್ಟವಿಲ್ಲ.

ಆ ಸೀಸೆಯಲ್ಲಿ ಟ್ಯಾಮ್ಸಿನ್ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಗೇ ಇದೆ. ಬ್ರೂನಿಯಿಂದ ಬಂದವಳು ಶೂ ಕೂಡ ಬಿಚ್ಚದೆ, "ಅಪ್ಪಂಗೆ ಹೆಸ್ರು ಹೇಳಕ್ಕಾಗದ ಹುಳ ಹಿಡಿದಿದೀನಿ ಕಣಮ್ಮ. ಅವ್ನ ಮುಖ ನೋಡ್ತಿರು" ಎಂದಿದ್ದಳು. ಅದಾಗಿ ನಾಲ್ಕು ದಿನಕ್ಕೆ ಅವಳ ಕಾರು ರಸ್ತೆ ಬಿಟ್ಟು ಹೋಯಿತು.

ತಿದ್ದುಪಡಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ನನ್ನ ಸಹಿಯಾಗಿದೆ, ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ನಮ್ಮ ಕಸುಬಿನಲ್ಲಿ ಬಿದ್ದ ಹೆಸರನ್ನೂ ಅಳಿಸುವಂತಿಲ್ಲ. ಗೆದ್ದ ಹೆಸರಿನ ಕೆಳಗೆ, ಸಣ್ಣಕ್ಷರದಲ್ಲಿ, ಆ ಹುಳದ ಪೂರ್ತಿ ಚರಿತ್ರೆ ಬರೆಯುವವರೆಲ್ಲ ಅದನ್ನೂ ಬರೆಯಬೇಕು. ಇದು ಸಮಾಧಾನ ಅಲ್ಲ ಅಂತ ಗೊತ್ತು. ಇರುವುದು ಇಷ್ಟೇ.

ಕಾನೂನಿನ ಪ್ರಕಾರ ಇನ್ನೂ ನಿನ್ನ ಹೆಂಡತಿ,
ನೆರಿಡಾ

ಮ.ವಿ.: ಮೆರಿಯಾನಾ ಹೇಳಿದ ಮೇಲಷ್ಟೇ ತಿಳಿಯಿತು ಎಂಬಂತೆ ಬರೆದುಬಿಟ್ಟೆ. ಸುಳ್ಳು. ನಿನ್ನ ಲೇಖನಕ್ಕೆ ನನ್ನ ಸಹಿಯನ್ನೂ ಕೇಳಿದ ದಿನ ನಾನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆ. ನಾಲ್ಕನೇ ಐದನೇ ಖಂಡಗಳ ನಡುವೆ, ಹೊಸತೂ ಹಳತೂ ಸೇರುವಲ್ಲಿ, ಕೂದಲೆಳೆಯಂಥ ಗೆರೆ ಇತ್ತು. "ಮಗಳ ಹೆಸರನ್ನ ಹುಳಕ್ಕೆ ಇಡೋನ ಪಕ್ಕ ನನ್ನ ಹೆಸರು ಬೇಡ" ಎಂದು ಕೂಗಾಡಿದೆ. ಅದನ್ನೇ ನಂಬಿ ನೀನು ಟೌನ್ಸ್‌ವಿಲ್‌ಗೆ ಹೊರಟುಹೋದೆ. ಗೆರೆಯ ಮಾತು ಆಗ ಹೇಗೆ ಎತ್ತಬೇಕಿತ್ತು, ಅಲಸ್ಟರ್? ಅವಳು ಹೋದ ಮೇಲೆ ಅಂದು ಬೆಳಿಗ್ಗೆ ಮೊದಲ ಸಲ ನೀನು ಸ್ಕಾಲಪ್ ಪೈ ಪೂರ್ತಿ ತಿಂದು, ಇನ್ನೊಂದು ಇದೆಯಾ ಎಂದು ಕೇಳಿದ್ದೆ.